ನಾನು ಹೊಡೆಸಿದ ಚಪ್ಪಾಳೆ

ಆದವಾನಿಯ ಹತ್ತಿ ಮಂಡಿಯಲ್ಲಿ ಸವಾಲು, ಅಂದರೆ ಹರಾಜು, ಕೂಗುವವನ ಹೆಗಲ ಮೇಲೆ ಒಂದು ವಲ್ಲಿ ಇರಲೇಬೇಕು. ಬೆವರು ಒರೆಸಿಕೊಳ್ಳಲು ಅದು ಬೇಕು. ಸವಾಲು ತಣ್ಣಗಾದಾಗ ಇನ್ನೂ ಹೆಚ್ಚಾಗಿ ಬೇಕು. ರೈತ ತಂದ ಅಂಡಿಗೆ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಹತ್ತಿ ಹಿರಿದು, ಎಳೆಯ ಉದ್ದ ತೋರಿಸಿ ನಾನು ಬೆಲೆ ಕೂಗುತ್ತಿದ್ದೆ. ಕೊಳ್ಳುವವರು ಮುಖ ತಿರುಗಿಸಿ ಎಲೆಯಡಿಕೆ ಹಾಕಿಕೊಳ್ಳತೊಡಗಿದರೆ ವಲ್ಲಿಯನ್ನು ಬಲ ಹೆಗಲಿನಿಂದ ಎಡ ಹೆಗಲಿಗೆ ಬದಲಾಯಿಸುತ್ತಿದ್ದೆ. ಗುಂಪಿನಲ್ಲಿ ನಿಂತಿರುತ್ತಿದ್ದ ನಮ್ಮವನೇ ಒಬ್ಬ ಆಗ ಸ್ವಲ್ಪ ಮೇಲಿನ ಬೆಲೆ ಕೂಗುತ್ತಿದ್ದ. ಅವನಿಗೆ ಹತ್ತಿಯೂ ಬೇಡ, ಕೊಳ್ಳುವ ಶಕ್ತಿಯೂ ಇಲ್ಲ. ಆದರೆ ಒಬ್ಬನ ಆಸೆ ಕಂಡರೆ ಇನ್ನೊಬ್ಬನಿಗೆ ಆಸೆ ಹುಟ್ಟುತ್ತದೆ. ಎಲ್ಲ ಮಂಡಿಗಳಲ್ಲೂ ಇದು ನಡೆಯುತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಮೋಸ ಎಂದು ಯಾರೂ ಅನ್ನುತ್ತಿರಲಿಲ್ಲ, ನಾನೂ ಅನ್ನುತ್ತಿರಲಿಲ್ಲ. ಅದೇ ವಲ್ಲಿಯನ್ನು ಹೊದ್ದುಕೊಂಡು ನನ್ನ ತಮ್ಮನ ಭಾಷಣ ಸ್ಪರ್ಧೆಗೂ ಹೋದೆ. ಅದರಿಂದ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಆಗ ಆದವಾನಿ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಪ್ಪ ತೀರಿಕೊಂಡಾಗ ನಾನು ಮೂರನೇ ತರಗತಿಯಲ್ಲಿದ್ದೆ. ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ದುಡಿಯಬೇಕು, ಒಬ್ಬ ಓದಬಹುದು ಎಂದಾಯಿತು. ದೊಡ್ಡವನಾದ ನಾನು ಮಂಡಿ ಸೇರಿದೆ, ಚಿಕ್ಕವನು ಶಾಲೆಯಲ್ಲಿ ಉಳಿದ. ಈ ಮಾತಿನ ಹೊತ್ತಿಗೆ ಅವನು ಹೈಸ್ಕೂಲಿನ ಕೊನೆಯ ಫಾರಂನಲ್ಲಿದ್ದ.

ಆ ಶಾಲೆಯ ಕನ್ನಡ ಮೇಷ್ಟ್ರು ಶನಿವಾರ ಮಧ್ಯಾಹ್ನ ಒಂದು ಸಭೆ ನಡೆಸುತ್ತಿದ್ದರು. ಹಣೆಯ ಮೇಲೆ ತೆಳ್ಳಗೆ ನಾಮ, ಕೋಟಿನ ಮೊಣಕೈಯಲ್ಲಿ ತೇಪೆ, ದನಿ ಏರಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಬೇರೆ ಶಾಲೆಗಳಲ್ಲಿ ಹುಡುಗರು ಭಾಷಣ ಮಾಡಿ ಇಳಿದರೆ ಮುಗಿಯುತ್ತಿತ್ತು. ಇವರಲ್ಲಿ ಹಾಗಲ್ಲ. ಒಬ್ಬ ಭಾಷಣ ಮಾಡಿದ ಮೇಲೆ ಇನ್ನೊಬ್ಬ ಎದ್ದು ಅದನ್ನು ವಿಮರ್ಶೆ ಮಾಡಬೇಕು. ಮಾತು ಸರಿಯೋ ತಪ್ಪೋ ಎಂದು ಹೇಳಿದರೆ ಮೇಷ್ಟ್ರು ಒಪ್ಪುತ್ತಿರಲಿಲ್ಲ.

“ಅವನು ಹೇಳಿದ್ದು ನಿನಗೆ ಹಿಡಿಸ್ತೋ ಇಲ್ಲವೋ ಯಾರು ಕೇಳಿದರು? ನಿನ್ನನ್ನು ಒಪ್ಪಿಸೋಕೆ ಅವನು ಏನು ಮಾಡಿದ, ಅದನ್ನು ಹೇಳು. ಮೊದಲು ಯಾವುದನ್ನ ಇಟ್ಟ? ಯಾವುದನ್ನ ಮುಚ್ಚಿಟ್ಟ? ಕಾರಣ ಕೊಡಬೇಕಾದ ಕಡೆ ಕಥೆ ಹೇಳಿದನೇನು? ನಿನ್ನನ್ನ ಜಾಣ ಅಂದುಕೊಂಡಿದ್ದನೋ ದಡ್ಡ ಅಂದುಕೊಂಡಿದ್ದನೋ?”

ಶನಿವಾರ ಸವಾಲು ಬೇಗ ಮುಗಿಯುತ್ತಿತ್ತು. ನಾನು ಶಾಲೆಯ ಕಿಟಕಿಯ ಹೊರಗೆ ಬೇವಿನ ಮರದ ಕೆಳಗೆ ಕುಳಿತು ಇದನ್ನೆಲ್ಲ ಕೇಳುತ್ತಿದ್ದೆ. ಅರ್ಧ ಅರ್ಥವಾಗುತ್ತಿತ್ತು. ತಮ್ಮನ ದನಿ ಕೇಳಿದಾಗ ಉಳಿದರ್ಧ ಬೇಕೆನಿಸುತ್ತಿರಲಿಲ್ಲ.

ಆ ವರ್ಷ ಬಳ್ಳಾರಿಯಲ್ಲಿ ಜಿಲ್ಲೆಯ ಹೈಸ್ಕೂಲುಗಳಿಗೆಲ್ಲ ಕನ್ನಡ ಭಾಷಣ ಸ್ಪರ್ಧೆ ಏರ್ಪಟ್ಟಿತು. ಊರಿಗೊಬ್ಬ ಹುಡುಗ. ಮೊದಲ ದಿನ ಭಾಷಣ, ಮರುದಿನ ಬೆಳಿಗ್ಗೆ ಹಿಂದಿನ ದಿನದ ಯಾವುದಾದರೂ ಒಂದು ಭಾಷಣದ ವಿಮರ್ಶೆ. ಎರಡಕ್ಕೂ ಬೇರೆ ಬೇರೆ ಬಹುಮಾನ. ನಮ್ಮ ಮಂಡಿಯ ಸಾವುಕಾರರಿಗೆ ಇದು ಹೇಗೋ ಗೊತ್ತಾಗಿ, ಗದ್ದುಗೆಯ ಮೇಲೆ ಕುಳಿತೇ ಮಾತು ಕೊಟ್ಟರು:

“ನಿನ್ನ ತಮ್ಮ ಬಳ್ಳಾರಿಯಾಗ ಭಾಷಣ ಗೆದ್ದು ಬಂದ ಅಂದ್ರ, ಅನಂತಪುರದ ಕಾಲೇಜಿನ ಖರ್ಚು ನಂದು. ಸೋತ ಅಂದ್ರ ಮಂಡಿಯಾಗ ಲೆಕ್ಕ ಬರೀಲಿ. ಅದೂ ಕೆಟ್ಟ ಕೆಲಸ ಏನಲ್ಲಲ್ಲಾ?”

ಕೆಟ್ಟದ್ದಲ್ಲ ಎಂದು ತಲೆಯಾಡಿಸಿದೆ. ಆದರೆ ಅವನು ಮಂಡಿಗೆ ಬಂದರೆ ನಾನು ಶಾಲೆ ಬಿಟ್ಟದ್ದಕ್ಕೆ ಅರ್ಥವೇ ಉಳಿಯುವುದಿಲ್ಲ ಎಂಬ ಲೆಕ್ಕ ನನ್ನ ಎದೆಯಲ್ಲಿತ್ತು.

ವಿಷಯ, ‘ಹಳ್ಳಿಗೆ ಮೊದಲು ಬೇಕಾದದ್ದು ಯಾವುದು’. ‘ಶಾಲೆ’ ಎಂದು ನನ್ನ ತಮ್ಮ ಆರಿಸಿಕೊಂಡ. ಹತ್ತಿ ಬಿಡಿಸುವ ಜಿನ್ನಿನ ಹಿಂದಿನ ಗೋದಾಮಿನಲ್ಲಿ, ಅರಳೆ ಒತ್ತಿ ಕಟ್ಟಿದ ಬೇಲುಗಳ ನಡುವೆ ನಾವಿಬ್ಬರೂ ತಯಾರಿ ಮಾಡಿದೆವು. ದನಿಯ ಕೆಲಸ ನನ್ನದು. ಗುಂಪಿನ ಹಿಂದಿನ ಸಾಲಿಗೆ ಮಾತು ತಲುಪಬೇಕಾದರೆ ಕಿರುಚಬಾರದು, ಮಾತಿನ ಕೊನೆಯನ್ನು ನುಂಗಬಾರದು, ಉಸಿರು ಹೊಟ್ಟೆಯಿಂದ ಬರಬೇಕು ಎಂದು ತೋರಿಸಿಕೊಟ್ಟೆ. ಹತ್ತಿ ದನಿಯನ್ನು ಹೀರಿಕೊಳ್ಳುತ್ತದೆ. ಆ ಗೋದಾಮಿನಲ್ಲಿ ಕೇಳಿಸಿದವನ ಮಾತು ಎಲ್ಲಿ ಬೇಕಾದರೂ ಕೇಳಿಸುತ್ತದೆ.

ಭಾಷಣದ ನಡುವೆ ಅವನು ನನ್ನ ಕಥೆ ಇಟ್ಟಿದ್ದ. ಮೂರನೇ ತರಗತಿಗೇ ಸ್ಲೇಟು ಕೆಳಗಿಟ್ಟು ಅಂಡಿಗೆ ಎತ್ತಿದ ಅಣ್ಣ; ತಾನು ಓದಲೆಂದು ಓದದೆ ಹೋದ ಅಣ್ಣ. ಮೊದಲ ಸಲ ಕೇಳಿದಾಗ ನಾನು ಬೇಲಿನ ಕಡೆ ಮುಖ ಮಾಡಿ ನಿಂತೆ.

ಶನಿವಾರದ ಸಭೆಯಲ್ಲಿ ಅದನ್ನು ಹೇಳಿದಾಗ ಹುಡುಗರು ಕಣ್ಣೊರೆಸಿಕೊಂಡರು. ಮೇಷ್ಟ್ರು ಮಾತ್ರ ಕನ್ನಡಕ ತೆಗೆದು ಒರೆಸಿದರು.

“ಅಣ್ಣನ ಕಥೆ ಚೆನ್ನಾಗಿದೆ ಅಪ್ಪಾ. ಆದರೆ ಅದು ಯಾರ ಕಡೆ ಸಾಕ್ಷಿ ಹೇಳ್ತಾ ಇದೆ, ಒಂದು ಸಲ ನೋಡು. ಕೇಳಿದವರು ಅಳ್ತಾರೆ. ಅತ್ತು ಮುಗಿದ ಮೇಲೆ ಶಾಲೆ ಯಾಕೆ ಬೇಕು ಅನ್ನೋದಕ್ಕೆ ಒಂದು ಕಾರಣವಾದರೂ ಅವರ ಕೈಯಲ್ಲಿ ಉಳಿಯುತ್ತೇನು?”

ತಮ್ಮ ಆ ದಿನ ಮುಖ ಸಣ್ಣ ಮಾಡಿಕೊಂಡು ಬಂದ. ರೊಟ್ಟಿ ಮುರಿದು ಹಾಗೇ ಇಟ್ಟ. “ನನ್ನ ಕೈಲಾಗಂಗಿಲ್ಲಣ್ಣ. ಸಾರ್‌ಗೆ ಏನು ಮಾಡಿದ್ರೂ ಸಾಲಂಗಿಲ್ಲ” ಎಂದ. ನನಗೆ ಮೇಷ್ಟ್ರ ಮೇಲೆ ಸಿಟ್ಟು ಬಂತು. ಎಳೆ ಉದ್ದವಿರುವ ಒಳ್ಳೆಯ ಹತ್ತಿಗೂ ಸವಾಲು ಏಳದ ದಿನವಿರುತ್ತದೆ. ಹತ್ತಿಯದೇನು ತಪ್ಪು, ಗುಂಪನ್ನು ಬಿಸಿ ಮಾಡಬೇಕು, ಅಷ್ಟೆ. ಹೀಗೆ ಯೋಚಿಸಿದೆ. ಅವನಿಗೆ ಬೇಕಾಗಿದ್ದದ್ದು ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ. ನಾನು ಹುಡುಕಹೊರಟದ್ದು ಬೇರೆ.

ಊರಿನ ಹುಡುಗನನ್ನು ಆರಿಸುವ ಸ್ಪರ್ಧೆ ಶಾಲೆಯ ಹಾಲಿನಲ್ಲಿ, ಊರವರ ಎದುರಿಗೆ. ಸಭಿಕರ ಮೆಚ್ಚುಗೆಗೂ ತೀರ್ಪಿನಲ್ಲಿ ಪಾಲಿತ್ತು. ನಾನು ಹಮಾಲರ ಮೇಸ್ತ್ರಿಯನ್ನು ಹಿಡಿದೆ.

“ಏನಣ್ಣಾ, ಹತ್ತಿ ಬೆಲಿ ಏರಸಿದಂಗ ಈಗ ತಮ್ಮನ ಬೆಲಿನೂ ಏರಸಬೇಕೇನು?” ಎಂದು ಅವನು ನಕ್ಕ.

“ನಗಬ್ಯಾಡೋ. ಹುಡುಗ ಚಂದ ಮಾತಾಡ್ತಾನ. ಮಂದಿ ಸುಮ್ನ ಕುಂತ್ರ ಧೈರ್ಯ ಕಳಕೊಂತಾನ, ಅದಕ್ಕ.”

“ಆ ಪುಸ್ತಕದ ಮಾತು ನಮಗ ತಿಳಿಯಂಗಿಲ್ಲಲ್ಲ. ಯಾವಾಗ ಹೊಡೀಬೇಕು?”

“ನನ್ನ ವಲ್ಲಿ ನೋಡ್ರಿ.”

“ಸರೇ ಅನ್ನಾ,” ಎಂದ ಪಕ್ಕದಲ್ಲಿ ಕುಳಿತಿದ್ದ ತೆಲುಗು ಹಮಾಲಿ, “ಮಿರ್ಚಿ, ಮಂಡಕ್ಕಿ ಒಗ್ಗರಣಿ ತಿನ್ನಸ್ತೀನಂತ ಹೇಳು, ಕೈ ಕೆಂಪಾಗೋತನ ಹೊಡಿತೀವಿ!”

ಹೊಡೆದರು. ಬೇಲು ಎತ್ತುವ ಕೈಗಳು ಅವು. ಹಾಲಿನ ಮೂಲೆ ಮೂಲೆಯಲ್ಲಿ ಇಬ್ಬಿಬ್ಬರಂತೆ ಕುಳಿತು, ನನ್ನ ವಲ್ಲಿ ಈ ಹೆಗಲಿನಿಂದ ಆ ಹೆಗಲಿಗೆ ಹೋದಾಗಲೆಲ್ಲ ಹೊಡೆದರು. ಮಂಡಿಯಲ್ಲಿ ಆಗುವಂತೆಯೇ ಇಲ್ಲೂ ಆಯಿತು. ಮೊದಲು ನಮ್ಮವರು, ಅವರ ಹಿಂದೆ ಪಕ್ಕದವರು, ಕೊನೆಗೆ ಇಡೀ ಹಾಲು. ತಮ್ಮನ ಮುಖ ಅರಳಿತು. ಎರಡು ಕಡೆ ನಾನು ಅವಸರ ಮಾಡಿದೆ, ವಾಕ್ಯ ಮುಗಿಯುವ ಮೊದಲೇ ವಲ್ಲಿಯನ್ನು ಇನ್ನೊಂದು ಹೆಗಲಿಗೆ ಎಸೆದೆ. ಅವನು ಮಾತು ನಿಲ್ಲಿಸಿ, ಚಪ್ಪಾಳೆ ಇಳಿಯುವವರೆಗೆ ಕಾದು, ಮತ್ತೆ ಮಾತೆತ್ತಿಕೊಂಡ. ಹೀಗೆ ಕಾಯುವುದನ್ನು ಅವನು ಕಲಿತದ್ದು ಆ ದಿನವೇ, ನನ್ನಿಂದಲೇ. ಅವನೇ ಆಯ್ಕೆಯಾದ.

ಮುಂದಿನ ಶನಿವಾರ ಮೇಷ್ಟ್ರು ಅವನನ್ನು ಎಲ್ಲರೆದುರು ಕೇಳಿದರು. “ಎರಡು ಸಲ ವಾಕ್ಯ ಮುಗಿಯೋ ಮುಂಚೆ ಚಪ್ಪಾಳೆ ಬಂತು. ಅರ್ಥ ಆಗೋ ಮುಂಚೆ ಮೆಚ್ಚಿಕೊಂಡರು ಅಂತಾಯಿತಲ್ಲ. ಅದು ಹೇಗೆ ಅಂತ ಯೋಚನೆ ಮಾಡಿದೆಯಾ?”

“ಮಂದಿಗೆ ತಡಕೊಳ್ಳಾಕ ಆಗಲಿಲ್ಲ ಸಾರ್” ಎಂದ ತಮ್ಮ. ಹುಡುಗರು ನಕ್ಕರು. ಮೇಷ್ಟ್ರು ಕಿಟಕಿಯ ಕಡೆ ಒಂದು ಸಲ ನೋಡಿದರು. ನಾನು ಬೇವಿನ ಮರದ ಆ ಬದಿಗೆ ಸರಿದೆ.

ಅಲ್ಲಿಂದ ಅವನು ಯಾರ ತಿದ್ದುಪಡಿಯನ್ನೂ ತೆಗೆದುಕೊಳ್ಳಲಿಲ್ಲ. ಮೊದಲೆಲ್ಲ ಗೋದಾಮಿನಲ್ಲಿ ಒಂದು ಮಾತನ್ನು ಹತ್ತು ಥರ ಬದಲಾಯಿಸಿ ನೋಡುತ್ತಿದ್ದವನು ಈಗ ಅದೇ ಭಾಷಣವನ್ನು ಅದೇ ಜಾಗಗಳಲ್ಲಿ ನಿಂತು ನಿಂತು ಒಪ್ಪಿಸುತ್ತಿದ್ದ. ವಿಮರ್ಶೆಯ ಪಾಠಕ್ಕೆ ಮೇಷ್ಟ್ರು ಮನೆಗೆ ಕರೆದರೆ ಹೋಗುತ್ತಿರಲಿಲ್ಲ. “ಸಭಾ ಮೆಚ್ಚೇತಿ. ಇನ್ನೇನು ಬೇಕು?” ಎನ್ನುತ್ತಿದ್ದ. ಇದು ನನಗೆ ಕಾಣಿಸಿತ್ತು. ಗೆಲ್ಲಲಿ, ಆಮೇಲೆ ನೋಡೋಣ ಎಂದು ಸುಮ್ಮನಿದ್ದೆ.

ಗುಂತಕಲ್ಲಿನಲ್ಲಿ ಗಾಡಿ ಬದಲಾಯಿಸಿ ಮೇಷ್ಟ್ರು, ತಮ್ಮ, ನಾನು ಮೂವರೂ ಬಳ್ಳಾರಿಗೆ ಹೋದೆವು. ಹಾಲು ತುಂಬಿತ್ತು. ನಾನು ಕೊನೆಯ ಬೆಂಚಿನಲ್ಲಿ ಕುಳಿತೆ. ಹೆಗಲ ಮೇಲೆ ವಲ್ಲಿ ಇತ್ತು, ಅದನ್ನು ನೋಡುವವರು ಯಾರೂ ಇರಲಿಲ್ಲ.

ತಮ್ಮ ಚೆನ್ನಾಗಿಯೇ ಶುರು ಮಾಡಿದ. ದನಿ ನನ್ನವರೆಗೂ ಬಂತು. ಮೊದಲ ಜಾಗ ಬಂದಾಗ ನಿಂತ. ಊರಿನಲ್ಲಿ ಅಲ್ಲಿ ಚಪ್ಪಾಳೆ ಬಿದ್ದಿತ್ತು. ಇಲ್ಲಿ ಬೀಳಲಿಲ್ಲ. ಅವನು ಕಾದ. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಮತ್ತೆ ಮಾತೆತ್ತಿಕೊಂಡ, ಎರಡನೆಯ ಜಾಗದಲ್ಲಿ ಮತ್ತೆ ನಿಂತ. ವಾಕ್ಯದ ನಡುವೆ ನಿಂತಿದ್ದರಿಂದ ಮರೆತನೆಂದುಕೊಂಡು ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕಾಗದದಿಂದ ತಲೆಯೆತ್ತಿ, ತುಂಬ ಮೃದುವಾಗಿ, “ಪರವಾಗಿಲ್ಲ ಮಗು, ನೆನಪು ಮಾಡಿಕೊಂಡು ಹೇಳು” ಎಂದರು.

ಅವನು ಮರೆತಿರಲಿಲ್ಲ. ಅಷ್ಟು ದೂರದಿಂದಲೂ ಅವನ ಕಣ್ಣು ಯಾರನ್ನೋ ಹುಡುಕುತ್ತಿದ್ದುದು ನನಗೆ ಕಂಡಿತು. ನನ್ನ ಕೈ ತಾನಾಗಿಯೇ ವಲ್ಲಿಗೆ ಹೋಯಿತು. ಬಲ ಹೆಗಲಿನಿಂದ ಎಡ ಹೆಗಲಿಗೆ ಹಾಕಿಕೊಂಡೆ. ಏನೂ ಆಗಲಿಲ್ಲ. ಆಮೇಲೆ ಅವನ ದನಿ ಮಾತಿನ ಕೊನೆ ಕೊನೆಗಳನ್ನು ನುಂಗತೊಡಗಿತು. ನನ್ನ ಕಥೆ ಬಂದಾಗ ಸಭೆಯಲ್ಲಿ ಒಬ್ಬರೂ ಅಳಲಿಲ್ಲ. ಹೊಸಪೇಟೆಯ ಹುಡುಗನೊಬ್ಬ, ಹಳ್ಳಿಗೆ ಮೊದಲು ಬೇಕಾದದ್ದು ಕುಡಿಯುವ ನೀರಿನ ಬಾವಿ ಎಂದು ಒಂದೊಂದೇ ಕಾರಣ ಕೊಟ್ಟು, ಎಲ್ಲಿಯೂ ನಿಲ್ಲದೆ ಮಾತಾಡಿ ಭಾಷಣದ ಬಹುಮಾನ ಪಡೆದ.

ಸಂಜೆ ನಾವು ಇಳಿದುಕೊಂಡಿದ್ದ ಛತ್ರದ ಜಗಲಿಯ ಮೇಲೆ ಕಾಗದ ಹರಡಿಕೊಂಡು ತಮ್ಮ ಕುಳಿತ. ಎದುರಿಗೆ ಬಳ್ಳಾರಿಯ ಗುಡ್ಡ ಬಿಸಿಲಿನ ಕಾವನ್ನು ಇನ್ನೂ ಬಿಡುತ್ತಿತ್ತು. ಮೇಷ್ಟ್ರು ಸಂಧ್ಯಾವಂದನೆಗೆ ಹೋಗಿದ್ದರು.

“ಏನು ಬರಿತಿ ತಮ್ಮಾ?”

“ನಾಳಿ ವಿಮರ್ಶೆ. ಆ ಹೊಸಪೇಟಿ ಹುಡುಗಂದು. ಇಲ್ಲಿ ಕುಂತ ಮಂದಿ ಎಲ್ಲಾ ಅವನ ಕಡೆಯವರೇ, ಅದನ್ನ ಹೇಳ್ತೀನಿ. ಅದೇ ಮಾತು, ಅದೇ ದನಿ! ನಮ್ಮೂರಾಗ ಹೆಂಗ ಹೊಡದ್ರು, ನೀನೇ ನೋಡಿದೆಲ್ಲ? ಈ ಮಂದಿಗೆ ಕಿವಿ ಇಲ್ಲ.”

ಸುಮ್ಮನಿದ್ದಿದ್ದರೆ ಅವನು ಮರುದಿನ ಎದ್ದು ನಿಂತು ಒಬ್ಬ ಪ್ರಾಮಾಣಿಕ ಹುಡುಗನನ್ನೂ ಒಂದು ಸಭೆಯನ್ನೂ ಬೈಯುತ್ತಿದ್ದ. ಅದಕ್ಕೆ ಅವನ ಕೈಯಲ್ಲಿದ್ದ ಆಧಾರ ನಾನು ಕೊಡಿಸಿದ ಚಪ್ಪಾಳೆ ಒಂದೇ. ಆ ಒಂದು ಸುಳ್ಳಿನ ಮೇಲೆ ಅವನು ಮುಂದೆ ಎಷ್ಟು ಕಟ್ಟುತ್ತಾನೋ ಎಂದು ನನಗೆ ಹೆದರಿಕೆಯಾಯಿತು. ಹೇಳಿದರೆ ಇದ್ದ ಧೈರ್ಯವೂ ಹೋದೀತು, ನಾಳೆ ವೇದಿಕೆಯನ್ನೇ ಹತ್ತದಿರಬಹುದು. ಇನ್ನು ಮುಂದೆ ನನ್ನನ್ನು ಅಣ್ಣಾ ಎಂದು ಕರೆಯದಿರಬಹುದು. ವಲ್ಲಿಯನ್ನು ಹೆಗಲಿನಿಂದ ತೆಗೆದು ಅವನ ಕಾಗದಗಳ ಮೇಲಿಟ್ಟೆ.

“ಇದನ್ನ ನೋಡಿ ಹೊಡದ್ರು.”

“ಏನು?”

“ಹಮಾಲರು. ಮಂಡಿಯವರು. ನಾನು ವಲ್ಲಿ ಆ ಕಡಿಂದ ಈ ಕಡಿ ಹಾಕ್ಕೊಂಡಾಗ ಹೊಡೀರಿ ಅಂತ ಹೇಳಿ ಕುಂಡ್ರಿಸಿದ್ದೆ. ಸವಾಲಿನ್ಯಾಗ ಮಾಡಿದಂಗ.”

ಅವನು ವಲ್ಲಿಯ ಅಂಚು ಹಿಡಿದು ಎತ್ತಿ ನೋಡಿದ.

“ಎಲ್ಲಾನೂ?”

“ಮೊದಲಿಗೆ ಅವರು. ಆಮ್ಯಾಲ ಉಳದವರು. ಎಷ್ಟು ನಿನ್ನ ಮಾತಿಗೆ, ಎಷ್ಟು ಅವರನ್ನ ನೋಡಿ, ನನಗ ಗೊತ್ತಿಲ್ಲ. ಅದನ್ನ ತಿಳಕೊಳ್ಳೋ ದಾರಿನೇ ನಾನು ಮುಚ್ಚಿಬಿಟ್ಟೆ.”

“ನಾನು ಸಾರ್‌ಗೆ ಮಂದಿ ತಡಕೊಳ್ಳಲಿಲ್ಲ ಅಂತ ಹೇಳಿದೆನಲ್ಲೋ ಅಣ್ಣಾ,” ಎಂದ. “ಎಲ್ಲಾರ ಮುಂದ ಹೇಳಿದೆ.”

ಎದ್ದು ಗುಡ್ಡದ ಕಡೆ ನಡೆದುಹೋದ. ಮೇಷ್ಟ್ರು ಬಂದಾಗ ನಾನು ಅವರಿಗೂ ಹೇಳಿದೆ. ಅವರು ಪಂಚೆಯ ಅಂಚು ಹಿಂಡುತ್ತ ಕೇಳಿಸಿಕೊಂಡರು.

“ನನಗೆ ಅನುಮಾನ ಇತ್ತಪ್ಪಾ. ಅವನೇ ಕಂಡುಕೊಳ್ಳಲಿ ಅಂತ ಕೇಳಿದೆ. ಬಿಡಿಸಿ ಹೇಳಬೇಕಿತ್ತೋ ಏನೋ. ಈಗ ನೀನು ಹೇಳಿದೆಯಲ್ಲ, ಅದು ನನ್ನಿಂದ ಆಗದೇ ಹೋದ ಕೆಲಸ.” ಬೈದಿದ್ದರೆ ಹಗುರವಾಗುತ್ತಿತ್ತು.

ಊಟದ ಹೊತ್ತಿಗೆ ತಮ್ಮ ಬಂದ. ನನ್ನ ಕಡೆ ನೋಡಲಿಲ್ಲ. ಮೇಷ್ಟ್ರನ್ನು ಒಂದೇ ಒಂದು ಮಾತು ಕೇಳಿದ: “ಯಾರದ್ದಾದ್ರೂ ಭಾಷಣ ತಗೋಬಹುದು ಅಂದ್ರಲ್ಲ ಸಾರ್, ನಂದನ್ನೇ ತಗೊಂಡ್ರ?”

“ನಿಯಮದಲ್ಲಿ ಇಲ್ಲ. ಬಹುಮಾನಕ್ಕೆ ಹಿಡಿಯೋದಿಲ್ಲ.”

“ಹಿಡೀದಿದ್ರ ಇರಲಿ.”

ಮರುದಿನ ಬೆಳಿಗ್ಗೆ ಅವನು ತೀರ್ಪುಗಾರರ ಒಪ್ಪಿಗೆ ಕೇಳಿ ವೇದಿಕೆಯ ಮೇಲೆ ನಿಂತ. ಕೈಯಲ್ಲಿ ಕಾಗದವಿರಲಿಲ್ಲ.

“ನಿನ್ನೆ ಇಲ್ಲಿ ಆದವಾನಿಯ ಹುಡುಗನೊಬ್ಬ ಮಾತಾಡಿದ,” ಎಂದು ಬೇರೆ ಯಾರ ಬಗ್ಗೆಯೋ ಹೇಳುವಂತೆ ಶುರು ಮಾಡಿದ. “ಅವನು ಎರಡು ಕಡೆ ವಾಕ್ಯದ ನಡುವೆ ನಿಂತದ್ದನ್ನು ತಾವು ನೋಡಿದಿರಿ. ಮರೆತು ನಿಂತದ್ದಲ್ಲ. ಚಪ್ಪಾಳೆಗೆ ಕಾಯುತ್ತಿದ್ದ. ಅಂದರೆ ತಾವು ಯೋಚನೆ ಮಾಡಲು ಬಂದವರೆಂದು ಅವನು ತಿಳಿದಿರಲಿಲ್ಲ, ಮೆಚ್ಚಲು ಬಂದವರೆಂದು ತಿಳಿದಿದ್ದ. ಅವನ ಊರಿನಲ್ಲಿ ಆ ಜಾಗಗಳಲ್ಲಿ ಚಪ್ಪಾಳೆ ಬಿದ್ದಿತ್ತು. ಅದು ಅವನ ಮೇಲಿನ ಅಕ್ಕರೆಗೆ ಬಿದ್ದದ್ದು. ಅವನು ವಿಚಾರಕ್ಕೆ ಬಿದ್ದದ್ದೆಂದುಕೊಂಡ. ತಪ್ಪು ಅಕ್ಕರೆಯದಲ್ಲ. ಅವನ ಗುರುಗಳು ಆ ಚಪ್ಪಾಳೆ ಎಲ್ಲಿಂದ ಬಂತು ಎಂದು ಕೇಳಿದಾಗ ನಕ್ಕು ತಳ್ಳಿಹಾಕಿದ್ದು ಅವನ ತಪ್ಪು.”

ನಾನು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿದೆ.

“ಇನ್ನು ಅಣ್ಣನ ಕಥೆ. ಅಣ್ಣ ಓದಲಿಲ್ಲ, ಆದ್ದರಿಂದ ಶಾಲೆ ಬೇಕು ಎಂದು ಅವನು ಹೇಳಿದ. ಕೇಳಲು ಚೆನ್ನಾಗಿದೆ. ಆದರೆ ಆ ಅಣ್ಣನ ಊರಿನಲ್ಲಿ ಶಾಲೆ ಇತ್ತು. ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿತ್ತು. ಶಾಲೆ ಇದ್ದೂ ಅಣ್ಣನಿಗೆ ಓದಲಾಗಲಿಲ್ಲ, ಏಕೆಂದರೆ ಮನೆಯಲ್ಲಿ ಹಿಟ್ಟಿರಲಿಲ್ಲ. ಹಾಗಾದರೆ ಈ ಕಥೆ ಭಾಷಣಕಾರನ ಕಡೆಯ ಸಾಕ್ಷಿಯಲ್ಲ, ಎದುರು ಕಡೆಯ ಸಾಕ್ಷಿ. ಹಳ್ಳಿಗೆ ಮೊದಲು ಬೇಕಾದದ್ದು ಶಾಲೆಯಲ್ಲ, ಮಗು ಶಾಲೆಗೆ ಹೋದ ದಿನವೂ ಒಲೆ ಉರಿಯುವಂಥ ಏನೋ ಒಂದು. ಅದು ಏನೆಂದು ಅವನು ಯೋಚಿಸಬೇಕಿತ್ತು. ಯೋಚಿಸುವ ಬದಲು ಅಣ್ಣನನ್ನು ತೋರಿಸಿ ಅಳಿಸಲು ಹೋದ.”

ನನ್ನ ಬದುಕಿನ ಬಗ್ಗೆ ಅಷ್ಟು ನೇರವಾದ ಮಾತನ್ನು ಅದಕ್ಕೆ ಮೊದಲು ಯಾರೂ ಆಡಿರಲಿಲ್ಲ. ಗೋದಾಮಿನಲ್ಲಿ ಆ ಕಥೆ ಕೇಳಿ ಕಣ್ಣೊರೆಸಿಕೊಂಡ ನಾನೂ ಅದರೊಳಗಿದ್ದದ್ದನ್ನು ಕಂಡಿರಲಿಲ್ಲ. ಮೇಷ್ಟ್ರು ಹೊಗಳುವುದಕ್ಕೂ ತೆಗಳುವುದಕ್ಕೂ ಬಿಡದೆ, ಮಾತು ಏನು ಮಾಡಿತು ಎಂದಷ್ಟೇ ಕೇಳುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಕಿಟಕಿಯ ಹೊರಗೆ ಕುಳಿತು ನಾನು ಬಿಟ್ಟಿದ್ದ ಉಳಿದರ್ಧ ಅದೇ.

ಅವನು ಮುಗಿಸಿ ಇಳಿದ. ಆಮೇಲೆ ಚಪ್ಪಾಳೆ ಬಂತು, ಹೊಸಪೇಟೆಯ ಹುಡುಗ ಎದ್ದು ನಿಂತು ಹೊಡೆದ. ನನ್ನ ಎರಡೂ ಕೈ ತೊಡೆಯ ಮೇಲೇ ಇದ್ದವು. ನನಗೆ ಹೊಡೆಯುವ ಧೈರ್ಯವಾಗಲಿಲ್ಲ.

ನಿಯಮದ ಪ್ರಕಾರ ಬಹುಮಾನ ಬರಲಿಲ್ಲ. ಊರಿಗೆ ಬಂದು ಸಾವುಕಾರರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ತಾಳ್ಮೆಯಿಂದಲೇ ಕೇಳಿ, “ಚಲೋ ಹುಡುಗ. ಆದ್ರ ಗೆದ್ದಿಲ್ಲಲ್ಲಪ್ಪಾ” ಎಂದರು. ಕೊಟ್ಟ ಮಾತಿನಂತೆ ನಡೆದುಕೊಂಡರು, ಅವರ ಮೇಲೆ ನನಗೆ ದೂರಿಲ್ಲ. ಪರೀಕ್ಷೆ ಮುಗಿಸಿದ ತಮ್ಮ ಒಂದು ವರ್ಷ ಮಂಡಿಯಲ್ಲಿ ಲೆಕ್ಕ ಬರೆದ. ನಾನು ಸವಾಲು ಕೂಗುವಾಗ ಪಕ್ಕದಲ್ಲೇ ಕುಳಿತು ಬರೆಯುತ್ತಿದ್ದ. ಆ ಒಂದು ವರ್ಷ ನನ್ನ ಚಪ್ಪಾಳೆಯ ಬೆಲೆ. ನಾನು ವಲ್ಲಿಯನ್ನು ಮನೆಯಲ್ಲಿ ಬಿಟ್ಟು ಬರತೊಡಗಿದೆ. ಆದರೆ ಮಂಡಿಯ ಪದ್ಧತಿ ನನ್ನಿಂದ ನಿಲ್ಲಲಿಲ್ಲ. ಮಂಡಿಯ ಗುಮಾಸ್ತನೊಬ್ಬ ಟೋಪಿ ತೆಗೆದು ತಲೆ ಕೆರೆದುಕೊಳ್ಳುವ ಸನ್ನೆಯನ್ನು ವಲ್ಲಿಯ ಜಾಗಕ್ಕೆ ತಂದ. ಮರುವರ್ಷ ಮೇಷ್ಟ್ರು ತಾವೇ ಅನಂತಪುರಕ್ಕೆ ಹೋಗಿ ನಾಲ್ಕು ಜನರ ಕೈಕಾಲು ಹಿಡಿದು, ಉಚಿತ ವಿದ್ಯಾರ್ಥಿನಿಲಯವೊಂದರಲ್ಲಿ ತಮ್ಮನಿಗೆ ಜಾಗ ಕೊಡಿಸಿದರು. ಅವರ ಋಣ ನನ್ನ ಮೇಲಿದೆ, ಎದುರಿಗೇ ತಪ್ಪು ತೋರಿಸಿಯೂ ಕೈಬಿಡದವರ ಋಣ ಅದು.

ಬಳ್ಳಾರಿಯಿಂದ ಬರುವಾಗ ತಮ್ಮ ಗುಂತಕಲ್ಲಿನವರೆಗೂ ನನ್ನ ಜೊತೆ ಮಾತಾಡಿರಲಿಲ್ಲ. ಗಾಡಿಗೆ ಕಾಯುತ್ತ ಪ್ಲಾಟ್‌ಫಾರಂ ಮೇಲೆ ಕುಳಿತಾಗ, ಮಂಡಕ್ಕಿಯ ಪೊಟ್ಟಣ ಬಿಚ್ಚಿ ನಮ್ಮಿಬ್ಬರ ನಡುವೆ ಇಟ್ಟ.

“ಅಣ್ಣಾ.”

“ಹೇಳೋ.”

“ಇನ್ನಮ್ಯಾಲ ನನ್ನ ಮಾತು ಕೇಳಾಕ ಕುಂತ್ರ ಕೈ ಕಟ್ಟಿಕೊಂಡು ಕುಂದ್ರು.”

ಅದೇ ವಾರದ ಶನಿವಾರ ಗೋದಾಮಿಗೆ ಕರೆದುಕೊಂಡು ಹೋದ. ಅದೇ ವಿಷಯದ ಮೇಲೆ ಹೊಸದಾಗಿ ಬರೆದ ಭಾಷಣ, ಯಾವ ಸ್ಪರ್ಧೆಗೂ ಅಲ್ಲ. ನಾನು ಅರಳೆಯ ಬೇಲೊಂದಕ್ಕೆ ಒರಗಿ ಎರಡೂ ಕೈ ಕಂಕುಳಲ್ಲಿ ಸೇರಿಸಿಕೊಂಡು ಕೇಳಿದೆ. ಒಂದು ಕಡೆ ನನ್ನ ಮನಸ್ಸು ಅವನ ಮಾತಿನಿಂದ ಜಾರಿತು. ಹೇಳಬಾರದೆಂದುಕೊಂಡೆ, ಹೇಳಿದೆ.

“ಇಲ್ಲಿ ನೀ ಹೇಳಿದ್ದನ್ನ ನಾನು ನಂಬಲಿಲ್ಲ ತಮ್ಮಾ.”

ಅವನು ನಿಂತ. ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು, ನನ್ನ ಎದುರಿಗೆ ನೆಲದ ಮೇಲೆ ಕುಳಿತು, ಮೇಷ್ಟ್ರನ್ನು ಕೇಳುವಷ್ಟೇ ಗೌರವದಿಂದ ಕೇಳಿದ:

“ಯಾಕ?”

ಸ್ಲೇಟು ಕೆಳಗಿಟ್ಟ ಮೇಲೆ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ನಾನು ಯೋಚಿಸಿ, ತಡವರಿಸಿ, ಉತ್ತರ ಹೇಳತೊಡಗಿದೆ. ಅವನು ಬರೆದುಕೊಂಡ.